ಮನೆಯಲ್ಲಿ ಮಾತ್ರ ಕಾಣುವ ರೊಟ್ಟಿ

ಅತಿಥಿ ಹೊಸ್ತಿಲು ದಾಟುವ ಮೊದಲೇ ಅವನ ಪಾಲಿನ ಅನ್ನ ಒಳಗೆ ಬಂದು ಕೂತಿರುತ್ತದೆ ಎಂದು ನಮ್ಮ ಚಿನಾರ್‌ಬುಲಾಕಿನ ಹಿರಿಯರು ಹೇಳುತ್ತಾರೆ. ದೇವರ ಲೆಕ್ಕ ಅದು, ತಪ್ಪುವುದಿಲ್ಲ. ಆದರೆ ಅಶೂರ್ಮತ್ ಅಕಾನ ಮನೆಯಲ್ಲಿ ಒಂದು ವಸಂತದಲ್ಲಿ ಅನ್ನವೂ ಬಂತು, ಅತಿಥಿಗಳೂ ಬಂದರು, ಇವೆರಡಕ್ಕೂ ಮೊದಲು ಬರಬೇಕಾಗಿದ್ದ ಒಂದು ಚಿತ್ರ ಮಾತ್ರ ದಾರಿ ತಪ್ಪಿಸಿಕೊಂಡಿತು. ಅಕಾ ಎಂದರೆ ನಮ್ಮ ಕಡೆ ಅಣ್ಣ. ಅಶೂರ್ಮತನಿಗಂತೂ ಒಂದು ಹಿಡಿ ಮೀಸೆಯೇ ಇದೆ, ಅನುಮಾನ ಬೇಡ.

ಸೋವಿಯತ್ತರ ಸಾಮೂಹಿಕ ಬೇಸಾಯದ, ಕೊಲ್ಖೋಜಿನ ಕಾಲದಲ್ಲಿ ಅಶೂರ್ಮತ ಊರಿನ ಸಿನಿಮಾ ಮನೆಯಲ್ಲಿ ರೀಲು ಓಡಿಸುತ್ತಿದ್ದ. ಕೊಲ್ಖೋಜು ಹೋಯಿತು, ಸಿನಿಮಾ ಮನೆಯಲ್ಲಿ ಆಲೂಗಡ್ಡೆ ತುಂಬಿದರು. ಆದರೆ ನಾಲ್ಕು ಜನರನ್ನು ಕೂರಿಸಿ ಚಿತ್ರ ತೋರಿಸಬೇಕೆಂಬ ಚಟ ಅವನ ಕೈಬೆರಳುಗಳಲ್ಲಿ ಉಳಿದುಬಿಟ್ಟಿತ್ತು. ಶಾಲೆಗೆ ಹೊಸ ಕಂಪ್ಯೂಟರುಗಳು ಬಂದಾಗ ಹಳೆಯದೊಂದನ್ನು ಕತ್ತೆಗಾಡಿಯಲ್ಲಿ ಮನೆಗೆ ತಂದ. ಬೆನ್ನ ಮೇಲೆ ಗೂನು ಇದ್ದ ದೊಡ್ಡ ಪರದೆಯ ಯಂತ್ರ ಅದು. ಅತಿಥಿಗಳ ಕೋಣೆಯಲ್ಲಿ ಅದನ್ನಿಟ್ಟು, ಹೆಂಡತಿಯ ಕಸೂತಿಯ ಸುಜನಿ ಹೊದಿಸಿ, ಮದುಮಗಳನ್ನು ಕೂರಿಸಿದ ಹಾಗೆ ಕೂರಿಸಿದ.

ಅದರೊಳಗೆ ವೆಬ್ ಪುಟ ಕಟ್ಟುವ ಹಳೆಯ ತಂತ್ರಾಂಶವೊಂದಿತ್ತು. ಚಳಿಗಾಲವಿಡೀ ಅಶೂರ್ಮತ ಅದರ ಮುಂದೆ ಕೂತು ತನ್ನ ಅತಿಥಿಗೃಹದ ಪುಟ ಕಟ್ಟಿದ. ಮೇಲೆ ಕೆಂಪು ಅಕ್ಷರದ ‘ಸುಸ್ವಾಗತ’ ಎಡದಿಂದ ಬಲಕ್ಕೆ ಓಡುತ್ತಿತ್ತು. ಪಕ್ಕದಲ್ಲೊಂದು ಗುಲಾಬಿ ಕಣ್ಣು ಮಿಟುಕಿಸುತ್ತಿತ್ತು. ಕೆಳಗೆ ಊರಿನ ಬುಗ್ಗೆ, ಹಿಪ್ಪುನೇರಳೆ ಮರ, ಮಡಿಸಿ ಸೂರಿನವರೆಗೆ ಒಟ್ಟಿದ ಹಾಸಿಗೆಗಳು. ಎಲ್ಲಕ್ಕೂ ನಡುವೆ ಹೆಂಡತಿ ಓಯ್ಸುಲು ಹಾಸಿದ ಊಟದ ಬಟ್ಟೆ, ದಸ್ತರ್‌ಖಾನ್: ತಂದೂರಿನಿಂದ ಆಗಷ್ಟೇ ತೆಗೆದ ರೊಟ್ಟಿ, ಕೆನೆ ಕಟ್ಟಿದ ಕೈಮಾಕ್, ಆಕ್ರೋಟು, ಹಿಪ್ಪುನೇರಳೆಯ ಪಾಕ.

ಓಯ್ಸುಲುವಿಗೆ ಪುಟಕ್ಕಿಂತ ಹಾಸಿಗೆಗಳ ಚಿಂತೆ. ಹತ್ತಿ ಹಿಂಜಿ, ಹೊಲಿದು, ಗೋಡೆಗೆ ಸುಣ್ಣ ಬಳಿದು ಆಕೆ ಕಾದಿದ್ದಳು. ಒಬ್ಬ ಅತಿಥಿಯೂ ಅವುಗಳ ಮೇಲೆ ಮಗ್ಗುಲು ಬದಲಿಸಿರಲಿಲ್ಲ. ಗುಡ್ಡ ಹತ್ತಲು ಬರುವ ಪರದೇಶಿಯರೆಲ್ಲ ದೊಡ್ಡ ರಸ್ತೆಯ ಪಕ್ಕದ ತಿರ್ಕಾಶನ ಮನೆಯಲ್ಲಿ ಇಳಿದುಬಿಡುತ್ತಿದ್ದರು.

“ರೀ, ಈ ನವ್ರೂಜ್ ಹಬ್ಬಕ್ಕಾದ್ರೂ ಯಾರೂ ಬರ್ದಿದ್ರೆ, ಒಂದೊಂದು ರಾತ್ರಿ ಒಂದೊಂದು ಹಾಸಿಗೆ ಮೇಲೆ ನಾನೇ ಮಲಗಿ, ಬೆಳಿಗ್ಗೆ ನನಗೆ ನಾನೇ ಚಹಾ ಕೊಟ್ಕೋತೀನಿ,” ಎಂದಳು.

ಬರುವವರು ಮನೆ ಆರಿಸಿಕೊಳ್ಳುವುದು ಜಿಲ್ಲಾ ಪ್ರವಾಸ ಕಚೇರಿಯ ಜಾಲತಾಣ ನೋಡಿ. ಅದರಲ್ಲಿ ಅಶೂರ್ಮತನ ಪುಟ ವಸಂತದ ಹೊಸವರ್ಷವಾದ ನವ್ರೂಜಿಗೆ ಮೊದಲು ಸೇರಬೇಕು. ಸೇರದಿದ್ದರೆ ಇನ್ನೊಂದು ವಸಂತದವರೆಗೆ ಹಾಸಿಗೆಗಳು ಸೂರನ್ನೇ ನೋಡುತ್ತಿರಬೇಕು. ಕಚೇರಿಯ ಹುಡುಗಿ ದಿಲಾಫ್ರೂಜ್ ಫೋನಿನಲ್ಲಿ ತಿಳಿಯ ಹೇಳಿದಳು.

“ಅಕಾ, ನಮ್ಮ ತಾಣದಲ್ಲಿ ಗೋಡೆ, ಬಾಗಿಲು, ಬಣ್ಣ ಎಲ್ಲಾ ಕಟ್ಟಿಟ್ಟಿದೆ. ನೀವು ನಿಮ್ಮ ಸಾಮಾನು ತಂದು ಇಟ್ಕೊಂಡ್ರೆ ಆಯ್ತು.”

“ನನ್ನ ಮನೆ ನಾನೇ ಕಟ್ಟಿದೀನಲ್ಲ ಮಗಳೇ? ನನ್ನ ಗುಲಾಬಿ ಕಣ್ಣು ಹೊಡೆಯುತ್ತೆ!”

“ಹೊಡೀಲಿ ಅಕಾ, ಆದ್ರೆ ಅದು ನಿಮ್ಮ ಮೇಜಿನ ಮೇಲೆ ನಿಮಗೊಬ್ಬರಿಗೇ ಹೊಡೀತಿದೆ. ಲೋಕಕ್ಕೆ ಕಾಣಬೇಕಲ್ಲ? ಒಂದು ಮಾತು ಮಾತ್ರ ನೆನಪಿರ್ಲಿ: ಖಾಲಿ ಚೌಕ ಒಂದಿದ್ರೂ ನಮ್ಮ ಮೇಲಿನವರು ಒಪ್ಪಲ್ಲ.”

ಅಶೂರ್ಮತ ತನ್ನ ಪುಟವನ್ನು ಬುಡಸಮೇತ ಎತ್ತಿ ಕಚೇರಿಯ ಸಿದ್ಧ ತಾಣದಲ್ಲಿ ನೆಟ್ಟ. ನೆಟ್ಟ ಕೂಡಲೇ ಓಡುತ್ತಿದ್ದ ಸುಸ್ವಾಗತ ಗಕ್ಕನೆ ನಿಂತಿತು. ಗುಲಾಬಿ ಕಣ್ಣು ಮಿಟುಕಿಸುವುದನ್ನು ಬಿಟ್ಟು ವಿಧವೆಯ ಹಾಗೆ ತಲೆ ತಗ್ಗಿಸಿತು. ಅಕ್ಕಪಕ್ಕ ಕೂತಿದ್ದ ಕೋಣೆಗಳು ಒಂದರ ತಲೆಯ ಮೇಲೊಂದು ಹತ್ತಿದವು. ಹೊಸ ಮನೆಗೆ ಹೋಗುವಾಗ ಹಳೆಯ ಬೀರುವಿನ ಕಾಲು ಕೊಯ್ಯಲೇಬೇಕಾಗುತ್ತದೆ ಎಂದು ಆತ ಸಮಾಧಾನ ಮಾಡಿಕೊಂಡ. ಚಿತ್ರಗಳೆಲ್ಲ, ದೇವರ ದಯೆ, ಇದ್ದಲ್ಲೇ ಇದ್ದವು. ದಸ್ತರ್‌ಖಾನಿನ ಮೇಲೆ ರೊಟ್ಟಿ ಹೊಳೆಯುತ್ತಿತ್ತು. ಬಿಸ್ಮಿಲ್ಲಾ ಎಂದು ಗುಂಡಿ ಒತ್ತಿ, ಊರಿಗೆಲ್ಲ ಸುದ್ದಿ ಮುಟ್ಟಿಸಿದ.

ಮರುದಿನ ಬೆಳಿಗ್ಗೆ ಮಣ್ಣಿನ ಗೋಡೆಯ ಆಚೆಯಿಂದ ಮುಹಬ್ಬತ್ ಖೋಲಾಳ ಧ್ವನಿ ಬಂತು. ಖೋಲಾ ಊರಿಗೆಲ್ಲ ಚಿಕ್ಕಮ್ಮ. ಮುಚ್ಚುಮರೆ ಎನ್ನುವುದು ಆಕೆಗೆ ಗೊತ್ತಿಲ್ಲದ ವಿದ್ಯೆ.

“ಅಶೂರ್ಮತ್! ಏ ಅಶೂರ್ಮತ್! ನಿಮ್ಮ ಮನೇಲಿ ಹಿಟ್ಟು ಮುಗೀತೇನೋ?”

“ದೇವರು ಕೊಟ್ಟಿದ್ದು ಮೂಟೆ ತುಂಬಾ ಇದೆ ಖೋಲಾ. ಯಾಕೆ?”

“‘ದಸ್ತರ್‌ಖಾನ್ ನಿಮಗಾಗಿ ಹಾಸಿದೆ’ ಅಂತ ದೊಡ್ಡದಾಗಿ ಬರೆದಿದೀಯ. ಕೆಳಗೆ ನೋಡಿದ್ರೆ ಬರೀ ಬಿಳೀ ಚೌಕ! ಖಾಲಿ ಬಟ್ಟೆ ಹಾಸಿ ಅತಿಥೀನ ಕರೀತಾರೇನೋ? ನಿಮ್ಮಮ್ಮ ಬದುಕಿದ್ದಿದ್ರೆ ಸೌಟು ಹಿಡ್ಕೊಂಡು ಬರ್ತಿದ್ಲು.”

ಇದು ಸಣ್ಣ ಮಾತಲ್ಲ. ನಮ್ಮಲ್ಲಿ ಬಟ್ಟೆ ಹಾಸಿದ ಕೈ ಬಟ್ಟೆಯನ್ನು ಬಿಡುವ ಮೊದಲು ಅದರ ಮೇಲೆ ರೊಟ್ಟಿ ಬಿದ್ದಿರಬೇಕು. ಬರಿ ಬಟ್ಟೆ ಹಾಸಿ ಎದುರಿಗೆ ಕೂತರೆ, ‘ಎದ್ದು ನಡಿ’ ಎಂದು ಬಾಯಿ ಬಿಟ್ಟು ಹೇಳಿದ್ದಕ್ಕಿಂತ ಹೆಚ್ಚು.

“ಖೋಲಾ, ನಿಮ್ಮ ಕಣ್ಣು ಒಂದ್ಸಲ ಡಾಕ್ಟರಿಗೆ ತೋರ್ಸಿ.”

“ನನ್ನ ಕಣ್ಣಿಗೇನು ಧಾಡಿ? ನಿನ್ನ ಮೀಸೆಗಂಟಿರೋ ಕೈಮಾಕ್ ಇಲ್ಲಿಂದ ಕಾಣ್ತಿದೆ!”

ಮೀಸೆ ಒರೆಸಿಕೊಂಡು ಅಶೂರ್ಮತ ಆಕೆಯನ್ನು ಮನೆಗೆ ಕರೆದ. ಸುಜನಿ ಸರಿಸಿ, ಯಂತ್ರ ಎಬ್ಬಿಸಿ, ತಾಣ ತೆರೆದ. ಪರದೆಯ ತುಂಬ ದಸ್ತರ್‌ಖಾನ್! ಖೋಲಾ ಬೆರಳಿನಿಂದ ರೊಟ್ಟಿಯನ್ನು ಮುಟ್ಟಿ ನೋಡಿದಳು. ಅಷ್ಟರಲ್ಲಿ ಓಯ್ಸುಲು ನಿಜವಾದ ರೊಟ್ಟಿ, ಚಹಾ ತಂದಿಟ್ಟಳು. ಮನೆಗೆ ಬಂದವರನ್ನು ಹಾಗೇ ಕಳಿಸುವುದುಂಟೇ? ಖೋಲಾ ತಿಂದು, ಹರಸಿ, ಗೋಡೆಯಾಚೆಗೆ ಹೋಗಿ, ಮತ್ತೆ ಫೋನು ತೆಗೆದಳು.

“ಅಶೂರ್ಮತ್! ಮತ್ತೆ ಖಾಲಿ!”

“ನೀವೇ ತಿಂದಿರಬೇಕು ಖೋಲಾ!”

ಖೋಲಾಳಿಗೆ ಸಂಶಯ ಉಳಿಯಲಿಲ್ಲ. ಇದು ದೃಷ್ಟಿ. ಯಾರದೋ ಹಸಿದ ಕಣ್ಣು ಬಿದ್ದು ಚಿತ್ರದ ರೊಟ್ಟಿ ಮಾಯವಾಗುತ್ತಿದೆ. ಒಣಗಿಸಿದ ಇಸಿರಿಕ್ ಗಿಡವನ್ನು ಬಾಣಲೆಯಲ್ಲಿ ಹೊಗೆಯಾಡಿಸಿಕೊಂಡು ಬಂದು, ಮಂತ್ರ ಹೇಳುತ್ತ ಯಂತ್ರಕ್ಕೆ ಸುತ್ತು ಹಾಕಿದಳು. ಯಂತ್ರ ಗೂನು ಬೆನ್ನಿನೊಳಗೆ ಹೊಗೆ ಎಳೆದುಕೊಂಡು ಗೊರಗೊರ ಎಂದಿತು, ನಡುಗಿತು, ಕಣ್ಣು ಮುಚ್ಚಿತು.

“ನೋಡು! ಬಿಟ್ಟು ಹೋಯ್ತು!” ಎಂದಳು ಖೋಲಾ.

ಹೋಗಿದ್ದು ಕರೆಂಟು.

ಸುದ್ದಿ ಚಹಾ ಅಂಗಡಿಗೆ ಮುಟ್ಟಿತು. ಅಲ್ಲಿ ಚಾಪೆಗಟ್ಟೆಯ ಮೇಲೆ ತಿರ್ಕಾಶ ಬಟ್ಟಲು ತಿರುಗಿಸುತ್ತ ಕೂತಿದ್ದ. ತಾಣದಲ್ಲಿ ಅವನ ಪುಟ ಆಗಲೇ ಇತ್ತು. ತಾಣದ ಸಿದ್ಧ ಮನೆಯೊಳಗೆ ಮಾದರಿಗೆಂದು ಕಟ್ಟಿದವರೇ ಇಟ್ಟಿದ್ದ ಚಿತ್ರಗಳನ್ನು ಆತ ತೆಗೆಯುವ ಗೋಜಿಗೇ ಹೋಗಿರಲಿಲ್ಲ. ಆದ್ದರಿಂದ ‘ತಿರ್ಕಾಶನ ಮನೆ, ಚಿನಾರ್‌ಬುಲಾಕ್’ ಎಂಬ ಹೆಸರಿನ ಕೆಳಗೆ ನೀಲಿ ಸಮುದ್ರ, ತೆಂಗಿನ ಮರ, ಮರಳಿನ ಮೇಲೆ ಕಿತ್ತಳೆ ಬಣ್ಣದ ಕೊಡೆ. ನಮ್ಮ ಕಡೆ ಸಮುದ್ರ ಕಂಡವರು ಯಾರೂ ಇಲ್ಲ. ಆದರೂ ಜನ ಅದನ್ನು ಹೊಗಳಿದರು. ಏನೋ ಒಂದು ಇದೆಯಲ್ಲ, ಖಾಲಿ ಇಲ್ಲವಲ್ಲ!

“ಅಕಾ,” ಎಂದ ತಿರ್ಕಾಶ, “ನಿಮ್ಮ ಮನೇಲಿ ಉಪವಾಸದ ಅತಿಥಿಗಳಿಗೆ ಮಾತ್ರ ಜಾಗ ಅಂತೆ?”

“ನಿನ್ನ ಸಮುದ್ರದ ನೀರು ಕುಡಿದು ದಾಹ ತೀರಿಸ್ಕೋ ತಿರ್ಕಾಶ್. ನನ್ನ ದಸ್ತರ್‌ಖಾನ್ ತುಂಬಿದೆ. ಬೇಕಾದ್ರೆ ಬಂದು ನೋಡು.”

“ಫೋನಲ್ಲಿ ನೋಡಿದೀನಲ್ಲ. ಬಿಳೀ ಚೌಕ. ಚೆನ್ನಾಗಿ ಒಗೆದಿದಾರೆ ಅತ್ತಿಗೆ.”

ಕಟ್ಟೆಯ ಮೇಲೆ ನಗು ಎದ್ದಿತು. ನಗದಿದ್ದವರು ಇಬ್ಬರೇ. ಒಬ್ಬರು ಊರ ಹಿರಿಯ ಸತ್ತೋರ್ ಬೋಬೋ; ಬಿಳಿ ಗಡ್ಡದ ತಾತ. ಇನ್ನೊಬ್ಬರು ಮಸೀದಿಯ ಗುರುಗಳಾದ ದೊಮ್ಲಾ.

“ನಗೋ ಮಾತಲ್ಲ ಇದು,” ಎಂದರು ಬೋಬೋ. “ಪುಟದ ಮೇಲೆ ಊರ ಹೆಸರಿದೆ. ಚಿನಾರ್‌ಬುಲಾಕಿನವರು ಬರಿ ಬಟ್ಟೆ ಹಾಸ್ತಾರೆ ಅಂತ ದೇಶ ದೇಶದಲ್ಲಿ ಹೇಳ್ತಾರೆ. ನಮ್ಮ ಅಜ್ಜಂದಿರ ಗೋರಿಗೆ ಯಾವ ಮುಖ ಇಟ್ಕೊಂಡು ಹೋಗೋದು? ಏಳಿ, ಹೋಗಿ ನೋಡೋಣ.”

ಕಟ್ಟೆಗೆ ಕಟ್ಟೆಯೇ ಎದ್ದು ಅಶೂರ್ಮತನ ಮನೆಗೆ ನಡೆಯಿತು. ಓಯ್ಸುಲು ಬಾಗಿಲಲ್ಲಿ ಅಷ್ಟು ಜೋಡು ಬೂಟುಗಳನ್ನು ಕಂಡು, ಏನೂ ಕೇಳದೆ, ತಂದೂರಿಗೆ ಸೌದೆ ಹಾಕಿದಳು.

ಯಂತ್ರದ ಪರದೆಯಲ್ಲಿ ರೊಟ್ಟಿ ಇತ್ತು. ಅದರ ಪಕ್ಕಕ್ಕೇ ಹಿಡಿದ ಫೋನುಗಳಲ್ಲಿ ಇರಲಿಲ್ಲ. ಒಂದೇ ಕೋಣೆ, ಒಂದೇ ತಾಣ, ಒಂದೇ ದೇವರು. ಆದರೂ ಒಂದು ಕಡೆ ಹಬ್ಬ, ಇನ್ನೊಂದು ಕಡೆ ಬರಗಾಲ. ಬೋಬೋ ಕನ್ನಡಕ ಹಾಕಿ ನೋಡಿದರು, ತೆಗೆದು ನೋಡಿದರು.

“ಫೋನು ಚಿಕ್ಕದು ಬೋಬೋ. ಅಷ್ಟೊಂದು ತಿಂಡಿ ಅದರಲ್ಲಿ ಹಿಡಿಯಲ್ಲ,” ಎಂದ ಒಬ್ಬ.

“ತಿರ್ಕಾಶನ ಸಮುದ್ರ ಹಿಡಿದಿದೆಯಲ್ಲೋ!”

“ನೀರು ಅಲ್ವಾ, ಹೇಗೋ ಹರ್ಕೊಂಡು ಬರುತ್ತೆ. ರೊಟ್ಟಿ ಗಟ್ಟಿ.”

“ನೀವೆಲ್ಲ ನನ್ನ ಮೇಲಿನ ಹೊಟ್ಟೇಕಿಚ್ಚಿಗೆ ಕಾಣಲ್ಲ ಅಂತಿದೀರಿ,” ಎಂದು ಅಶೂರ್ಮತನೂ ಕೆಂಪಾದ. “ದೊಮ್ಲಾ, ನೀವು ಸುಳ್ಳು ಹೇಳೋರಲ್ಲ. ನೀವು ಹೇಳಿ.”

ದೊಮ್ಲಾ ತಮ್ಮ ಫೋನನ್ನು ಬಹಳ ಹೊತ್ತು ನೋಡಿದರು. “ನನಗೂ ಖಾಲಿ ಕಾಣ್ತಿದೆ ಅಶೂರ್ಮತ್. ಆದ್ರೆ ತಂದೂರಿನ ವಾಸನೆ ಬರ್ತಿದೆ. ಎರಡರಲ್ಲಿ ವಾಸನೇನೇ ನಾನು ನಂಬ್ತೀನಿ.”

ಎಲ್ಲರೂ ವಾಸನೆಯನ್ನು ನಂಬಿ ಕೂತರು. ರೊಟ್ಟಿ ಬಂತು, ಕೈಮಾಕ್ ಬಂತು, ಕೊನೆಗೆ ಸಾರು ಬಂತು. ಬೋಬೋ ಕೈಯೆತ್ತಿ ಪ್ರಾರ್ಥಿಸಿ ತೀರ್ಪು ಕೊಟ್ಟರು: ದಸ್ತರ್‌ಖಾನ್ ತುಂಬಿದೆ, ನಂಬದವರು ಅಶೂರ್ಮತನ ಮನೆಗೆ ಹೋಗಿ ಕಣ್ಣಾರೆ ನೋಡತಕ್ಕದ್ದು.

ತೀರ್ಪು ಅಂದಮೇಲೆ ಪಾಲಿಸಬೇಕಲ್ಲ? ಅಂದಿನಿಂದ ಜನ ಬಂದರು. ಮೇಲಿನ ಓಣಿಯವರು, ಕೆಳಗಿನ ಓಣಿಯವರು, ಬುಗ್ಗೆಯ ಆಚೆಯ ಕುರಿಗಾಹಿಗಳು, ನೋಡಿಯೂ ನಂಬಿಕೆ ಗಟ್ಟಿಯಾಗಲೆಂದು ಮತ್ತೊಮ್ಮೆ ಬಂದ ನನ್ನಂಥವರು. ಅಶೂರ್ಮತನಿಗೆ ಸಿನಿಮಾ ಮನೆಯ ದಿನಗಳು ಮರಳಿದವು. ಕಿಟಕಿಗೆ ಕಂಬಳಿ ಕಟ್ಟಿ ಕತ್ತಲು ಮಾಡಿ, “ಮುಂದಿನವರು ತಲೆ ತಗ್ಗಿಸಿ!” ಎನ್ನುತ್ತ ಪುಟವನ್ನು ಮೇಲಿಂದ ಕೆಳಗೆ ಮೆಲ್ಲಗೆ ಸರಿಸುತ್ತಿದ್ದ. ದೂರದವರು ಬಂದು ಹೊತ್ತಾದರೆ ಓಯ್ಸುಲು ಒಂದು ಹಾಸಿಗೆ ಬಿಚ್ಚುತ್ತಿದ್ದಳು. ಹಿಟ್ಟಿನ ಮೂಟೆ ಸೊರಗಿತು. ಆಕೆಯ ಮೊಣಕೈಯವರೆಗೂ ಹಿಟ್ಟು.

“ರೀ, ತಾಣ ಅಂದ್ರೆ ಜನ ತಮ್ಮ ಮನೇಲೇ ಕೂತು ನೋಡೋದು ಅಂದಿದ್ರಲ್ಲ?”

“ಇದು ಬೇರೆ ತರದ ತಾಣ,” ಎಂದ ಅಶೂರ್ಮತ, ತಾನೇ ಕಂಡುಹಿಡಿದವನ ಗತ್ತಿನಲ್ಲಿ.

ಆಗಲೇ ದಿಲಾಫ್ರೂಜಳ ಫೋನು ಬಂತು.

“ಅಕಾ, ನಿಮ್ಮ ಚೌಕಗಳೆಲ್ಲ ಖಾಲಿ! ನವ್ರೂಜ್ ಬಂತು. ನಾಳೆ ಸಂಜೆ ಒಳಗೆ ತುಂಬಿಸದಿದ್ರೆ ನಿಮ್ಮ ಪುಟ ತೆಗೆದುಹಾಕ್ತಾರೆ.”

“ತುಂಬಿದೆ ಮಗಳೇ. ಬಂದು ನೋಡು.”

“ನಾನು ಬಂದು ನೋಡಬಹುದು. ಜರ್ಮನಿಯವರು ಹೇಗೆ ನೋಡ್ತಾರೆ?”

“ಅವರೂ ಬರ್ಲಿ.”

“ಅಕಾ, ನಿಮ್ಮ ಮನೆಗೆ ಬರಬೇಕೋ ಬೇಡವೋ ಅಂತ ಯೋಚಿಸೋಕೆ ಅವರು ಮೊದಲು ಚಿತ್ರ ನೋಡಬೇಕು. ಚಿತ್ರ ನೋಡೋಕೆ ನಿಮ್ಮ ಮನೆಗೇ ಬರಬೇಕು ಅಂದ್ರೆ ಹೇಗೆ?”

“ಯಾಕೆ? ನಮ್ಮದು ಅತಿಥಿಗೃಹ ಅಲ್ವಾ? ಮಲಗೋಕೆ ಜಾಗ ಇದೆ!”

ದಿಲಾಫ್ರೂಜ್ ಫೋನು ಇಟ್ಟಳು. ಮರುದಿನ ಪೇಟೆಯಿಂದ ಮೊದಲ ಬಸ್ಸು ಹಿಡಿದು ತಾನೇ ಬಂದಳು. ಮುಖದಲ್ಲಿ ಸರ್ಕಾರದ ಸಿಟ್ಟು ಇತ್ತು. ಬಾಗಿಲು ದೂಡಿದರೆ ಕೋಣೆ ಕತ್ತಲು, ಒಳಗೆ ಸಾಲಾಗಿ ಜನ.

“ಕೂತ್ಕೋ ಮಗಳೇ, ಈಗ ಬುಗ್ಗೆ ಬರುತ್ತೆ, ಆಮೇಲೆ ರೊಟ್ಟಿ,” ಎಂದು ಖೋಲಾ ಕೈಹಿಡಿದು ಪಕ್ಕಕ್ಕೆ ಎಳೆದುಕೊಂಡಳು.

“ನಾನು ಕಚೇರಿ ಕೆಲಸಕ್ಕೆ ಬಂದಿದೀನಿ!”

“ಎಲ್ಲರೂ ಕೆಲಸಕ್ಕೇ ಬಂದಿರೋದು. ಮೊದಲು ರೊಟ್ಟಿ ಮುರಿ.”

ರೊಟ್ಟಿ ಮುರಿಯದೆ ಆ ಮನೆಯಲ್ಲಿ ಯಂತ್ರದ ಹತ್ತಿರ ಹೋಗುವಂತಿರಲಿಲ್ಲ. ಮುರಿದಳು. ಕೈಮಾಕಿನಲ್ಲಿ ಅದ್ದಿದಳು. ಸಿಟ್ಟಿನ ಅರ್ಧ ಅಲ್ಲೇ ಕರಗಿತು. ಉಳಿದ ಅರ್ಧವನ್ನು ಹಿಡಿದುಕೊಂಡು ಹೋಗಿ ಯಂತ್ರದ ಮುಂದೆ ಕೂತು, ದಸ್ತರ್‌ಖಾನಿನ ಚಿತ್ರದ ಬೆನ್ನಿಗಿದ್ದ ವಿಳಾಸ ತೆಗೆದು ನೋಡಿದಳು. ಆಮೇಲೆ ನಗು ತಡೆಯಲು ಚಹಾದ ಬಟ್ಟಲನ್ನು ಬಾಯಿಗೆ ಅಡ್ಡ ಹಿಡಿದಳು.

“ಅಕಾ, ನೀವು ಚಿತ್ರ ತಂದು ಇಟ್ಟೇ ಇಲ್ಲ.”

“ಕಣ್ಣೆದುರಿಗೇ ಇದೆಯಲ್ಲ?”

“ನೀವು ತಂದಿಟ್ಟಿದ್ದು ಚಿತ್ರದ ವಿಳಾಸ. ‘ನನ್ನ ಮನೆಯ ಈ ಯಂತ್ರದ ಎರಡನೇ ಕಪಾಟಿನ ಮೂಲೇಲಿ ರೊಟ್ಟಿ ಇದೆ, ತಗೊಳ್ಳಿ’ ಅಂತ ಲೋಕಕ್ಕೆಲ್ಲ ಬರೆದಿದೀರಿ. ಖೋಲಾ ಫೋನು ತನ್ನ ಕಪಾಟಲ್ಲಿ ಹುಡುಕುತ್ತೆ. ಅಲ್ಲೆಲ್ಲಿ ಬರ್ಬೇಕು ನಿಮ್ಮ ರೊಟ್ಟಿ?”

“ನನ್ನ ಯಂತ್ರ ತೋರಿಸ್ತಿದೆ.”

“ಅದರ ಕಪಾಟೇ ಅಲ್ವಾ! ಅದೂ ಅಲ್ಲದೆ ಹಳೇ ಕಾಲದ ಯಂತ್ರ. ಈಗಿನವು ಹೀಗೆ ಕೇಳಿದ್ರೆ ಮನೆ ಕಪಾಟಿಗೆ ಕೈಹಾಕೋಕೇ ಬಿಡಲ್ಲ. ಇದು ಪಾಪ, ಯಜಮಾನ ಕೇಳಿದ ಅಂತ ತೆಗೆದು ಕೊಡ್ತಿದೆ.”

ಅಶೂರ್ಮತನ ಕೈ ಮೀಸೆಯ ಮೇಲೆ ನಿಂತಿತು.

“ಅಂದ್ರೆ,” ಎಂದ ಮೆಲ್ಲಗೆ, “ಊರೂರಿಗೆ ಪೋಸ್ಟರ್ ಅಂಟಿಸಿ, ರೀಲು ಮಾತ್ರ ನನ್ನ ಗೂಡಲ್ಲೇ ಇಟ್ಕೊಂಡಿದೀನಿ.”

“ಹ್ಞಾ ಅಕಾ. ಅಷ್ಟೇ.”

“ಅಯ್ಯೋ, ರೀಲು ಕಳಿಸದೆ ಚಿತ್ರ ಕಾಣಲಿಲ್ಲ ಅಂತ ಜನರ ಕಣ್ಣನ್ನ ಬೈದೆನಲ್ಲ!” ಎಂದು ಖೋಲಾಳ ಕಡೆ ತಿರುಗಿದ. ಖೋಲಾ ತಲೆವಸ್ತ್ರ ಸರಿಪಡಿಸಿಕೊಂಡು, “ಬೈದಿದ್ದು ಬೈದೆ. ಇಸಿರಿಕ್ ಮಾತ್ರ ವ್ಯರ್ಥ ಆಯ್ತು,” ಎಂದಳು.

ಆ ಸಂಜೆಯೊಳಗೆ ಚಿತ್ರಗಳು ಒಂದೊಂದಾಗಿ ಗೂಡಿನಿಂದ ಹೊರಟವು. ಬುಗ್ಗೆ ಏರಿತು, ಮರ ಏರಿತು, ಹಾಸಿಗೆ ಏರಿತು. ಕೊನೆಗೆ ರೊಟ್ಟಿ ಏರಿದಾಗ ಕೋಣೆಯಲ್ಲಿದ್ದ ಫೋನುಗಳೆಲ್ಲ ಒಟ್ಟಿಗೆ ತುಂಬಿದವು. ಬೋಬೋ ಗಡ್ಡ ನೀವಿಕೊಂಡರು, ದೊಮ್ಲಾ ಅಲ್ಹಮ್‌ದುಲಿಲ್ಲಾ ಎಂದರು. ಪುಟ ತಾಣದಲ್ಲಿ ಉಳಿಯಿತು. ದಿಲಾಫ್ರೂಜ್ ಎರಡು ರೊಟ್ಟಿಯನ್ನು ಬಟ್ಟೆಯಲ್ಲಿ ಕಟ್ಟಿಸಿಕೊಂಡು ಕೊನೆಯ ಬಸ್ಸು ಹತ್ತಿದಳು.

ಮರುದಿನ ಓಯ್ಸುಲು ಎಂದಿನಂತೆ ಹಿಟ್ಟು ನಾದಿ, ತಂದೂರು ಕಾಯಿಸಿ ಕಾದಳು. ಯಾರೂ ಬರಲಿಲ್ಲ. ಯಾಕೆ ಬರುತ್ತಾರೆ? ರೊಟ್ಟಿ ಅವರವರ ಕೈಯಲ್ಲೇ ಕಾಣುತ್ತಿತ್ತು. ಗೋಡೆಯಾಚೆ ಖೋಲಾ ಫೋನು ನೋಡಿ “ಚೆನ್ನಾಗಿದೆ ಕಣೋ!” ಎಂದು ಕೂಗಿ ಒಳಗೆ ಹೋದಳು. ನವ್ರೂಜ್ ಬಂತು, ಹೋಯಿತು. ಹಬ್ಬದಲ್ಲಿ ಎಲ್ಲರೂ ಎಲ್ಲರ ಮನೆಗೆ ಹೋಗುವಂತೆ ಇವರ ಮನೆಗೂ ಬಂದು ಹೋದರು. ಗುಡ್ಡ ಹತ್ತುವವರ ಗುಂಪು ಮಾತ್ರ ತಾಣದಲ್ಲಿ ಸಮುದ್ರ ಕಂಡು ನೇರ ತಿರ್ಕಾಶನ ಮನೆಗೆ ಹೋಯಿತು. ಬಿಸಿ ರೊಟ್ಟಿಗಳು ಬಟ್ಟೆಯೊಳಗೆ ಬೆವರಿ ಮೆತ್ತಗಾದವು. ಓಯ್ಸುಲು ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಆ ಕೈಗಳಲ್ಲಿ ಹಿಟ್ಟಿಲ್ಲದ್ದನ್ನು ಅಶೂರ್ಮತ ಬಹಳ ದಿನದ ಮೇಲೆ ಕಂಡ.

“ರೀ,” ಎಂದಳು, “ಒಂದು ಚಿತ್ರ ಮತ್ತೆ ಗೂಡಿಗೆ ಇಟ್ಬಿಡಿ.”

“ಯಾವುದು?”

“ರೊಟ್ಟೀದು.”

ಅಶೂರ್ಮತ ಹೆಂಡತಿಯ ಮುಖ ನೋಡಿದ. ಆಮೇಲೆ ಫೋನು ಎತ್ತಿಕೊಂಡ.

“ಮಗಳೇ ದಿಲಾಫ್ರೂಜ್, ಒಂದು ಚೌಕ ಖಾಲಿ ಮಾಡ್ಬೇಕಿತ್ತು.”

ಆ ಕಡೆ ಹುಡುಗಿ ಬಹುಶಃ ಸಹನೆಗಾಗಿ ಪ್ರಾರ್ಥನೆ ಮಾಡುತ್ತಿದ್ದಳು. ಅಥವಾ ಕೈಮಾಕಿನ ರುಚಿ ನೆನಪಿಗೆ ಬಂದಿರಬಹುದು. ಹೃದಯಗಳನ್ನು ಬಲ್ಲವನು ದೇವರೊಬ್ಬನೇ.

“ಒಂದೇ ಒಂದು ಅಕಾ. ಮೇಲಿನವರಿಗೆ ನಾನು ಏನಾದ್ರೂ ಹೇಳ್ಕೋತೀನಿ. ಬರೀ ಬಿಳಿ ಬಿಡಬೇಡಿ, ಖಾಲಿ ಯಾಕೆ ಅಂತ ಅದರೊಳಗೇ ಬರೀರಿ.”

ಅಶೂರ್ಮತ ದಸ್ತರ್‌ಖಾನಿನ ಚೌಕದಿಂದ ಚಿತ್ರ ತೆಗೆದು, ಅಲ್ಲಿ ಒಂದು ಸಾಲು ಬರೆದ: ‘ಈ ಚಿತ್ರ ನಮ್ಮ ಮನೆಯಲ್ಲಿ ಮಾತ್ರ ಕಾಣುತ್ತದೆ.’

ಸೇಬಿನ ಮರಗಳು ಹೂ ಉದುರಿಸುವ ಹೊತ್ತಿಗೆ, ಬೆನ್ನಿಗೆ ಮನೆಯಷ್ಟು ದೊಡ್ಡ ಚೀಲ ಹೊತ್ತ ಗಂಡ ಹೆಂಡತಿ ಇಬ್ಬರು ಓಣಿಯಲ್ಲಿ ಏದುಸಿರು ಬಿಡುತ್ತ ಬಂದರು. ಮೊದಲು ಅವರು ತಿರ್ಕಾಶನಲ್ಲಿಗೆ ಹೋಗಿದ್ದರಂತೆ. ಸಮುದ್ರ ಎಲ್ಲಿ ಎಂದು ಕೇಳಿದ್ದಕ್ಕೆ ಆತ ಬಾತುಕೋಳಿಯ ಹೊಂಡ ತೋರಿಸಿದನಂತೆ. ಅಶೂರ್ಮತನ ಬಾಗಿಲಲ್ಲಿ ನಿಂತು, ನಮ್ಮ ಭಾಷೆ ಬಾರದೆ, ಫೋನಿನ ಚೌಕವನ್ನು ಬೆರಳಿನಿಂದ ತೋರಿಸಿ ಹುಬ್ಬು ಹಾರಿಸಿದರು.

ಅಶೂರ್ಮತ ಯಂತ್ರದ ಮೇಲಿನ ಸುಜನಿ ಸರಿಸಲು ಓಡಿದ. “ಅದನ್ನ ಬಿಡ್ರೀ,” ಎಂದಳು ಓಯ್ಸುಲು. ಅತಿಥಿಗಳ ಮುಂದೆ ಬಟ್ಟೆ ಹಾಸಿದಳು. ಹಾಸಿದ ಕೈ ಬಟ್ಟೆಯನ್ನು ಬಿಡುವ ಮೊದಲೇ ಇನ್ನೊಂದು ಕೈಯಿಂದ ಹಬೆಯಾಡುವ ರೊಟ್ಟಿ ಇಟ್ಟಳು.

ಗೋಡೆಯ ಆಚೆಯಿಂದ ಧ್ವನಿ ಬಂತು.

“ಅಶೂರ್ಮತ್! ಏ ಅಶೂರ್ಮತ್! ನನ್ನ ಫೋನಲ್ಲಿ ನಿನ್ನ ದಸ್ತರ್‌ಖಾನ್ ಮತ್ತೆ ಖಾಲಿ ಕಣೋ!”

“ಇಲ್ಲಿ ತುಂಬಿದೆ ಖೋಲಾ,” ಎಂದು ಅಶೂರ್ಮತ ಕೂಗಿದ. “ಬಂದು ನೋಡಿ!”

ಖೋಲಾ ಬಂದಳು. ಅವಳ ಹಿಂದೆ ನಾವೂ.